ಬೆಳಗಾವಿಯ ಆ್ಯಪಿಗೆ ಯಾವ ಊರಿನ ಸರ್ವರ್?

ಈ ಶತಮಾನದ ಆರಂಭದಲ್ಲಿ ಕರ್ನಾಟಕ ಸರ್ಕಾರ ‘ಭೂಮಿ’ ಯೋಜನೆಯಡಿ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. 67 ಲಕ್ಷ ಜಮೀನುದಾರರ ದಾಖಲೆಗಳು ತಲಾಟಿಯ ಕೈಬರಹದ ಪುಸ್ತಕದಿಂದ ಹೊರಬಂದವು. 177 ತಾಲ್ಲೂಕು ಕಚೇರಿಗಳಲ್ಲಿ ಭೂಮಿ ಕೇಂದ್ರಗಳು ತೆರೆದವು. ಆಯಾ ತಾಲ್ಲೂಕಿನ ದಾಖಲೆ ಆಯಾ ಕಚೇರಿಯ ಸರ್ವರಿನಲ್ಲೇ ಇರುತ್ತಿತ್ತು. ನಂದಗಡದ ರೈತನಿಗೆ ಉತಾರ (ಪಹಣಿ) ಬೇಕೆಂದರೆ ತಾಲ್ಲೂಕು ಕೇಂದ್ರ ಖಾನಾಪುರಕ್ಕೆ ಹೋಗಿ, ಕಿಟಕಿಯ ಮುಂದೆ ನಿಂತು, 15 ರೂಪಾಯಿ ಕೊಟ್ಟು ಪಡೆಯಬೇಕಿತ್ತು. ಆಗ ಯಂತ್ರ ಇದ್ದಲ್ಲಿಗೆ ಮನುಷ್ಯ ಹೋಗುತ್ತಿದ್ದ. ಈಗ ಅದೇ ಉತಾರವನ್ನು ಆತ ಹೊಲದ ಬದುವಿನ ಮೇಲೆ ನಿಂತು ಮೊಬೈಲಿನಲ್ಲಿ ನೋಡಬಲ್ಲ. ಯಂತ್ರ ಮಾತ್ರ ಅವನು ಎಂದೂ ಕಾಣದ ಊರಿನಲ್ಲಿದೆ.

ಯಂತ್ರ ಹೀಗೆ ದೂರ ಹೋದ ಮೇಲೆ ಅದನ್ನು ಕೊಳ್ಳುವ ಅಗತ್ಯವೂ ಉಳಿಯಲಿಲ್ಲ. 2006ರ ಮಾರ್ಚಿನಲ್ಲಿ ಅಮೆಜಾನ್ ಕಂಪನಿ ತನ್ನ ಡಿಸ್ಕಿನ ಜಾಗವನ್ನೂ ಅದೇ ವರ್ಷದ ಆಗಸ್ಟಿನಲ್ಲಿ ಇಡೀ ಕಂಪ್ಯೂಟರನ್ನೂ ಬಳಸಿದಷ್ಟರ ಲೆಕ್ಕದಲ್ಲಿ ಬಾಡಿಗೆಗೆ ಕೊಡಲು ಶುರುಮಾಡಿತು. ನಾವು ಕ್ಲೌಡ್ ಎಂದು ಕರೆಯುವುದು ಈ ಬಾಡಿಗೆ ವ್ಯವಹಾರವನ್ನೇ. ಇಂದು ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದು ತನ್ನ ಆರ್ಡರುಗಳ ಲೆಕ್ಕ ಇಡಲು, ಶಹಾಪುರದ ಸೀರೆ ವ್ಯಾಪಾರಿ ಆನ್‌ಲೈನಿನಲ್ಲಿ ಮಾರಲು, ಕುಂದಾ ಅಂಗಡಿಯವರು ಪರಊರಿಗೆ ಪಾರ್ಸೆಲ್ ಕಳಿಸಲು, ಜಾಂಬೋಟಿಯ ಹೋಮ್‌ಸ್ಟೇ ಕೋಣೆ ಕಾಯ್ದಿರಿಸಲು, ಸಹಕಾರಿ ಸೊಸೈಟಿ ತನ್ನ ಸದಸ್ಯರಿಗೆ ಖಾತೆ ತೋರಿಸಲು ಒಂದು ಪುಟ್ಟ ವೆಬ್ ಆ್ಯಪ್ ಸಾಕು. ಅದನ್ನು ಬರೆದುಕೊಡುವ ಹುಡುಗ ಹುಡುಗಿಯರು ಬೆಳಗಾವಿಯ ಎಂಜಿನಿಯರಿಂಗ್ ಕಾಲೇಜುಗಳಲ್ಲೇ ಓದಿದ್ದಾರೆ. ಆ್ಯಪ್ ಸಿದ್ಧವಾದ ದಿನ ಅವರು ಮೊದಲು ಕೇಳುವ ಪ್ರಶ್ನೆ: ‘ಯಾವ ಕಂಪನಿಯ ಸರ್ವರ್ ಒಳ್ಳೆಯದು?’

ಈ ಪ್ರಶ್ನೆಯನ್ನು ಕೊನೆಗೆ ಕೇಳಬೇಕು. ಅದಕ್ಕೂ ಮೊದಲು ತಿಳಿಯಬೇಕಾದವು ನಾಲ್ಕಿವೆ: ಬಳಸುವವರು ಎಲ್ಲಿದ್ದಾರೆ, ಒಂದೇ ಹೊತ್ತಿಗೆ ಎಷ್ಟು ಮಂದಿ ಬರುತ್ತಾರೆ, ಬಿಲ್ಲು ಯಾವುದನ್ನು ಅಳೆಯುತ್ತದೆ, ಸರ್ವರ್ ಸುಟ್ಟುಹೋದರೆ ಏನು ಉಳಿಯುತ್ತದೆ. ಇವಕ್ಕೆ ಉತ್ತರ ಸಿಕ್ಕರೆ ಕಂಪನಿಯ ಹೆಸರು ಅರ್ಧ ತಾನಾಗಿಯೇ ತೀರ್ಮಾನವಾಗುತ್ತದೆ.

ಬೆಳಕಿಗೂ ಹೊತ್ತು ಬೇಕು

ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ನಿರ್ವಾತದಲ್ಲಿ ಅದರ ವೇಗ 3 ಲಕ್ಷ. ಗಾಜು ಅದನ್ನು ಮೂರರಲ್ಲಿ ಒಂದು ಪಾಲು ನಿಧಾನ ಮಾಡುತ್ತದೆ. ಎಷ್ಟು ಹಣ ಸುರಿದರೂ ಈ ಮಿತಿಯನ್ನು ದಾಟಲಾಗದು.

ಬೆಳಗಾವಿಯಿಂದ ಮುಂಬೈ ನೇರ ಗೆರೆಯಲ್ಲಿ ಸುಮಾರು 400 ಕಿಲೋಮೀಟರ್, ಬೆಂಗಳೂರು ಸುಮಾರು 460. ಹೋಗಿ ಬರಲು ಬೆಳಕಿಗೆ ನಾಲ್ಕೈದು ಮಿಲಿಸೆಕೆಂಡ್ ಸಾಕು. ಜರ್ಮನಿಯ ಫ್ರಾಂಕ್‌ಫರ್ಟ್ ಸುಮಾರು 7,000 ಕಿಲೋಮೀಟರ್ ದೂರ; ಹೋಗಿ ಬರಲು ಕನಿಷ್ಠ 70 ಮಿಲಿಸೆಕೆಂಡ್. ಅಮೆರಿಕದ ವರ್ಜೀನಿಯಾ ಸುಮಾರು 13,000 ಕಿಲೋಮೀಟರ್. ಅದಕ್ಕೆ ಕನಿಷ್ಠ 130. ಕೇಬಲ್ಲುಗಳು ನೇರ ಗೆರೆಯಲ್ಲಿ ಹಾಯುವುದಿಲ್ಲವಾದ್ದರಿಂದ, ನಡುವೆ ರೌಟರುಗಳೂ ಹೊತ್ತು ತಿನ್ನುವುದರಿಂದ, ನಿಜವಾದ ಅಂಕಿ ಯಾವಾಗಲೂ ಇದಕ್ಕಿಂತ ದೊಡ್ಡದು.

130 ಮಿಲಿಸೆಕೆಂಡ್ ಎಂದರೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಆಗಲಿಲ್ಲವಲ್ಲ ಎನ್ನಿಸಬಹುದು. ಆದರೆ ಬ್ರೌಸರ್ ಒಂದೇ ಸಲ ಹೋಗಿ ಬರುವುದಿಲ್ಲ. ಸಂಪರ್ಕ ಹೂಡಲು ಒಂದು ಸುತ್ತು, ಗುಪ್ತ ಸಂವಹನಕ್ಕೆ ಬೀಗದ ಕೈ ವಿನಿಮಯ ಮಾಡಿಕೊಳ್ಳಲು ಒಂದು, ಪುಟ ಕೇಳಿ ಪಡೆಯಲು ಇನ್ನೊಂದು. ಮೊದಲ ಅಕ್ಷರ ಪರದೆಯ ಮೇಲೆ ಮೂಡುವ ಮುನ್ನವೇ ಮೂರು ಸುತ್ತು ಆಗಿರುತ್ತವೆ. ಆಮೇಲೆ ಆ್ಯಪ್ ‘ಮೊದಲು ಬಳಕೆದಾರ ಯಾರು ಎಂದು ಕೇಳು, ಬಳಿಕ ಆತನ ಆರ್ಡರ್ ತಾ, ಬಳಿಕ ಅದರ ಬಿಲ್ಲು ತಾ’ ಎಂದು ಒಂದರ ಹಿಂದೊಂದು ಕೇಳತೊಡಗಿದರೆ ಪ್ರತಿ ಪ್ರಶ್ನೆಗೂ ಮತ್ತೊಂದು ಸುತ್ತು. ವರ್ಜೀನಿಯಾದ ಸರ್ವರಿಗೆ ಆರು ಸುತ್ತಾದರೆ ಬೆಳಕಿನ ಪಯಣಕ್ಕೇ ಮುಕ್ಕಾಲು ಸೆಕೆಂಡ್ ಮೀರುತ್ತದೆ. ಮುಂಬೈಯ ಸರ್ವರಿಗೆ ಅದೇ ಆರು ಸುತ್ತು ಸೆಕೆಂಡಿನ ನಲವತ್ತರಲ್ಲೊಂದು ಪಾಲು.

ಹತ್ತಿರದ ಸರ್ವರ್ ಈಗ ಸಿಗುವುದಿಲ್ಲ ಎಂಬ ಮಾತಿಲ್ಲ. ಮೈಕ್ರೋಸಾಫ್ಟಿನ ಆಜ್ಯೂರ್ 2015ರಲ್ಲಿ ಪುಣೆ, ಚೆನ್ನೈ, ಮುಂಬೈಗಳಲ್ಲಿ ಕೇಂದ್ರಗಳನ್ನು ತೆರೆಯಿತು. ಅಮೆಜಾನಿನ ಎಡಬ್ಲ್ಯೂಎಸ್ 2016ರಲ್ಲಿ ಮುಂಬೈಗೂ 2022ರಲ್ಲಿ ಹೈದರಾಬಾದಿಗೂ ಬಂತು. ಗೂಗಲ್ ಕ್ಲೌಡ್ 2017ರಲ್ಲಿ ಮುಂಬೈ, 2021ರಲ್ಲಿ ದಿಲ್ಲಿ ಸೇರಿತು. ಸಣ್ಣ ಡೆವಲಪರುಗಳ ಅಚ್ಚುಮೆಚ್ಚಿನ ಡಿಜಿಟಲ್‌ಓಶನ್ 2016ರಿಂದ ಬೆಂಗಳೂರಿನಲ್ಲಿದೆ. ನಮ್ಮ ದೇಶದ್ದೇ ಆದ ಇ2ಇ ನೆಟ್‌ವರ್ಕ್ಸ್ 2009ರಿಂದ ಇದೆ. ಅಗ್ಗದ ದರಕ್ಕೆ ಹೆಸರಾದ ಜರ್ಮನಿಯ ಹೆಟ್ಸ್ನರ್ ಭಾರತದಲ್ಲಿಲ್ಲ. ಅದರ ಅತಿ ಹತ್ತಿರದ ಠಾಣೆ ಸಿಂಗಪುರ, ಬೆಳಗಾವಿಗೆ ಸುಮಾರು 3,600 ಕಿಲೋಮೀಟರ್.

ದೂರದ ಸರ್ವರಿಗೆ ಇನ್ನೊಂದು ಅಪಾಯವೂ ಇದೆ. 2025ರ ಸೆಪ್ಟೆಂಬರಿನಲ್ಲಿ ಕೆಂಪು ಸಮುದ್ರದಲ್ಲಿ ಕೇಬಲ್ಲುಗಳು ತುಂಡಾದಾಗ ಭಾರತ ಮತ್ತು ಯುರೋಪಿನ ನಡುವಿನ ದಟ್ಟಣೆ ಬೇರೆ ದಾರಿ ಹಿಡಿದು ನಿಧಾನವಾಯಿತು. ಬೆಳಗಾವಿಯ ಗಿರಾಕಿಗೂ ಬೆಳಗಾವಿಯ ಅಂಗಡಿಗೂ ನಡುವೆ ಕೆಂಪು ಸಮುದ್ರವನ್ನು ತಂದಿಡುವ ಅಗತ್ಯ ಯಾರಿಗೂ ಇಲ್ಲ.

ಮುಂಬೈಯೋ ಬೆಂಗಳೂರೋ ಎಂಬುದನ್ನು ನಕ್ಷೆ ನೋಡಿ ತೀರ್ಮಾನಿಸಬೇಡಿ. ಮೊಬೈಲಿನ ದತ್ತಾಂಶ ಮೊದಲು ಆ ದೂರಸಂಪರ್ಕ ಕಂಪನಿಯ ದೊಡ್ಡ ಕೇಂದ್ರಕ್ಕೆ ಹೋಗಿ ಅಲ್ಲಿಂದ ಮುಂದೆ ಸಾಗುತ್ತದೆ. ಹಾಗಾಗಿ ನಕ್ಷೆಯಲ್ಲಿ ಹತ್ತಿರವಿದ್ದ ಊರು ಜಾಲದಲ್ಲಿ ದೂರವಾಗಬಹುದು. ಎರಡೂ ಕಡೆ ಒಂದೊಂದು ಸಣ್ಣ ಸರ್ವರನ್ನು ಒಂದು ದಿನದ ಮಟ್ಟಿಗೆ ಬಾಡಿಗೆಗೆ ಪಡೆಯಿರಿ. ನಿಮ್ಮ ಗಿರಾಕಿಗಳು ಬಳಸುವ ಸಿಮ್‌ಗಳಿಂದಲೇ ಪಿಂಗ್ ಮಾಡಿ, ಹೋಗಿ ಬರುವ ಹೊತ್ತನ್ನು ಬೆಳಿಗ್ಗೆ ಒಮ್ಮೆ, ರಾತ್ರಿ ಒಂಬತ್ತಕ್ಕೆ ಒಮ್ಮೆ ಅಳೆಯಿರಿ. ಗಂಟೆಯ ಬಾಡಿಗೆಯಾದ್ದರಿಂದ ಈ ಪ್ರಯೋಗದ ಖರ್ಚು ಕೆಲವು ಚಹಾಗಳ ಬೆಲೆಗೆ ಹೆಚ್ಚು ಮೀರದು.

ಸಾಲಿನ ಗಣಿತ

ಸರ್ವರ್ ಎಷ್ಟು ದೊಡ್ಡದಿರಬೇಕು ಎಂಬಂಥ ಪ್ರಶ್ನೆಯನ್ನು ಮೊದಲು ಗಣಿತಕ್ಕೆ ಇಳಿಸಿದವನು ಡೆನ್ಮಾರ್ಕಿನ ಅಗ್ನರ್ ಕ್ರಾರುಪ್ ಎರ್ಲಾಂಗ್. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದ ಆತ, ಕರೆಗಳು ಎಷ್ಟು ಬಂದರೆ ಎಷ್ಟು ತಂತಿಗಳು ಬೇಕು ಎಂಬ ಲೆಕ್ಕವನ್ನು 1917ರಲ್ಲಿ ಪ್ರಕಟಿಸಿದ. 1961ರಲ್ಲಿ ಜಾನ್ ಲಿಟ್ಲ್ ಅದೇ ಶಾಸ್ತ್ರದ ಒಂದು ಸರಳ ಸೂತ್ರವನ್ನು ಸಾಧಿಸಿ ತೋರಿಸಿದ: ಒಳಗಿರುವವರ ಸಂಖ್ಯೆ ಎಂದರೆ, ಸೆಕೆಂಡಿಗೆ ಬರುವವರ ಸಂಖ್ಯೆಯನ್ನು ಒಬ್ಬೊಬ್ಬರು ಒಳಗಿರುವ ಹೊತ್ತಿನಿಂದ ಗುಣಿಸಿದಷ್ಟು.

ಇದನ್ನು ಸೀರೆ ಅಂಗಡಿಗೆ ಅನ್ವಯಿಸೋಣ. ದಿನಕ್ಕೆ 3,000 ಪುಟ ನೋಡುತ್ತಾರೆ, ಅದರ ಕಾಲು ಭಾಗ ಸಂಜೆಯ ಒಂದು ಗಂಟೆಯಲ್ಲೇ ಬರುತ್ತದೆ ಎಂದಿಟ್ಟುಕೊಳ್ಳಿ. ಆ ಗಂಟೆಯಲ್ಲಿ 750 ಪುಟ. ಒಂದು ಪುಟಕ್ಕೆ ನಾಲ್ಕು ಸಲ ಆ್ಯಪಿನ ಬಾಗಿಲು ಬಡಿದರೂ 3,000 ಕೋರಿಕೆ, ಅಂದರೆ ಸೆಕೆಂಡಿಗೆ ಒಂದಕ್ಕಿಂತ ಕಡಿಮೆ. ಒಂದೊಂದಕ್ಕೆ ಪ್ರೊಸೆಸರ್ 50 ಮಿಲಿಸೆಕೆಂಡ್ ದುಡಿದರೆ, ಆ ಗಂಟೆಯಲ್ಲಿ ಅದು ನೂರರಲ್ಲಿ ನಾಲ್ಕು ಪಾಲು ಹೊತ್ತು ಮಾತ್ರ ಕೆಲಸದಲ್ಲಿರುತ್ತದೆ. ಅತಿ ಸಣ್ಣ ಸರ್ವರ್ ಕೂಡ ಈ ಅಂಗಡಿಗೆ ಧಾರಾಳ.

ಈಗ ಬೆಳಗಾವಿಯದೇ ಇನ್ನೊಂದು ಬಗೆಯ ಹೊರೆ ನೋಡಿ. 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರ ಇರುವುದು ಇಲ್ಲಿನ ‘ಜ್ಞಾನ ಸಂಗಮ’ದಲ್ಲಿ, ಅದಕ್ಕೆ ಸೇರಿದ ಕಾಲೇಜುಗಳು ಇನ್ನೂರಕ್ಕೂ ಹೆಚ್ಚು. ಇಂಥ ವಿಶ್ವವಿದ್ಯಾಲಯದ ಫಲಿತಾಂಶದ ದಿನ ಹತ್ತು ನಿಮಿಷದಲ್ಲಿ 60,000 ಮಂದಿ ತಮ್ಮ ನೋಂದಣಿ ಸಂಖ್ಯೆ ಒತ್ತಿದರು ಎಂದು ಲೆಕ್ಕಕ್ಕೆ ಹಿಡಿಯೋಣ. ಸೆಕೆಂಡಿಗೆ 100 ಕೋರಿಕೆ. ಒಂದಕ್ಕೆ 50 ಮಿಲಿಸೆಕೆಂಡಿನಂತೆ ಐದು ಪ್ರೊಸೆಸರುಗಳಿಗೆ ಬಿಡುವಿಲ್ಲದ ಕೆಲಸ. ಇರುವುದು ನಾಲ್ಕೇ ಆದರೆ ಸೆಕೆಂಡಿಗೆ 80 ಮಂದಿಯ ಕೆಲಸ ಮುಗಿದು 20 ಮಂದಿ ಸಾಲಿನಲ್ಲಿ ಉಳಿಯುತ್ತಾರೆ. ಹತ್ತು ನಿಮಿಷದ ಕೊನೆಗೆ ಸಾಲಿನಲ್ಲಿ 12,000 ಜನ. ಅವರೆಲ್ಲ ತಾಳ್ಮೆಗೆಟ್ಟು ಮತ್ತೆ ಮತ್ತೆ ರಿಫ್ರೆಶ್ ಒತ್ತಿದರೆ ಸಾಲು ಇಮ್ಮಡಿಯಾಗುತ್ತದೆ.

ಸಾಲು ಹೊರೆಗಿಂತ ಬಹಳ ವೇಗವಾಗಿ ಬೆಳೆಯುತ್ತದೆ ಎಂಬುದು ಈ ಗಣಿತ ಕಲಿಸುವ ದೊಡ್ಡ ಪಾಠ. ಸರಳ ಮಾದರಿಯಲ್ಲಿ, ಯಂತ್ರ ಅರ್ಧ ಹೊತ್ತು ದುಡಿಯುತ್ತಿದ್ದರೆ ಉತ್ತರಕ್ಕೆ ಹಿಡಿಯುವ ಹೊತ್ತು ಬಿಡುವಿದ್ದಾಗಿನ ಎರಡರಷ್ಟು. ನೂರಕ್ಕೆ 80 ಪಾಲು ದುಡಿಯುತ್ತಿದ್ದರೆ ಐದರಷ್ಟು. 90 ಆದರೆ ಹತ್ತರಷ್ಟು. 95 ಆದರೆ ಇಪ್ಪತ್ತರಷ್ಟು. ಆದ್ದರಿಂದ ಸಣ್ಣ ಆ್ಯಪಿಗೂ ತುಸು ಬಿಡುವು ಇಟ್ಟೇ ಯಂತ್ರ ಆರಿಸಬೇಕು. ದೊಡ್ಡ ಯಂತ್ರ ಕೊಳ್ಳುವ ಮೊದಲು ಕೆಲಸ ತಗ್ಗಿಸುವ ಉಪಾಯವನ್ನೂ ಹುಡುಕಬೇಕು. ಫಲಿತಾಂಶ ಒಮ್ಮೆ ಪ್ರಕಟವಾದ ಮೇಲೆ ಬದಲಾಗುವುದು ಅಪರೂಪ. ಪ್ರತಿ ವಿದ್ಯಾರ್ಥಿಯ ಪುಟವನ್ನೂ ಮುಂಚೆಯೇ ಸಿದ್ಧ ಮಾಡಿ ಫೈಲಾಗಿ ಇಟ್ಟರೆ 50 ಮಿಲಿಸೆಕೆಂಡಿನ ಕೆಲಸ ಒಂದಕ್ಕಿಳಿಯುತ್ತದೆ.

ಬಾಡಿಗೆಯ ಬಗೆಗಳು

ಹಲವರು ಒಂದೇ ಯಂತ್ರ ಹಂಚಿಕೊಳ್ಳುವ ಶೇರ್ಡ್ ಹೋಸ್ಟಿಂಗ್, ಯಂತ್ರದ ಒಂದು ಭಾಗ ಪೂರ್ತಿ ನಿಮ್ಮ ಹಿಡಿತಕ್ಕೆ ಬರುವ ವಿಪಿಎಸ್, ಕೋಡ್ ಕೊಟ್ಟರೆ ಉಳಿದದ್ದನ್ನು ಕಂಪನಿಯೇ ನೋಡಿಕೊಳ್ಳುವ ಪ್ಲಾಟ್‌ಫಾರ್ಮ್, ಕೋರಿಕೆ ಬಂದಾಗಷ್ಟೇ ಎದ್ದು ಓಡುವ ಸರ್ವರ್‌ಲೆಸ್ ಎಂಬ ನಾಲ್ಕು ಬಗೆಗಳಿವೆ. ಸಣ್ಣ ವಿಪಿಎಸ್‌ಗಳಲ್ಲಿ ಒಂದು ಸೂಕ್ಷ್ಮವಿದೆ. ಎಡಬ್ಲ್ಯೂಎಸ್‌ನ ಟಿ3.ಮೈಕ್ರೋ ಎಂಬ ಯಂತ್ರದಲ್ಲಿ ಎರಡು ಪ್ರೊಸೆಸರ್, 1 ಜಿಬಿ ಮೆಮೊರಿ ಇವೆ. ಆದರೆ ಸದಾಕಾಲ ಬಳಸಲು ಸಿಗುವುದು ಪ್ರತಿ ಪ್ರೊಸೆಸರಿನ ನೂರಕ್ಕೆ 10 ಪಾಲು ಶಕ್ತಿ. ಸುಮ್ಮನಿದ್ದಾಗ ಗಂಟೆಗೆ 12 ‘ಕ್ರೆಡಿಟ್’ ಜಮೆಯಾಗುತ್ತವೆ. ಒಂದು ಕ್ರೆಡಿಟ್ಟಿಗೆ ಒಂದು ಪ್ರೊಸೆಸರನ್ನು ಒಂದು ನಿಮಿಷ ಪೂರ್ತಿ ಓಡಿಸಬಹುದು. ಮನೆಯ ಮೇಲಿನ ನೀರಿನ ಟಾಕಿಯ ಹಾಗೆ: ಪಾಲಿಕೆಯ ನಲ್ಲಿ ಸಣ್ಣಗೆ ಹರಿದು ರಾತ್ರಿಯೆಲ್ಲ ತುಂಬುತ್ತದೆ, ಮುಂಜಾನೆ ಎಲ್ಲರ ಸ್ನಾನಕ್ಕೂ ಸಾಕಷ್ಟು ಸಿಗುತ್ತದೆ, ಖಾಲಿಯಾದ ಮೇಲೆ ಮಾತ್ರ ಮತ್ತೆ ನಲ್ಲಿಯ ಧಾರೆಯೇ ಗತಿ. ನೂರಕ್ಕೆ ನಾಲ್ಕು ಪಾಲು ದುಡಿಸುವ ಸೀರೆ ಅಂಗಡಿಗೆ ಇದು ಹೇಳಿ ಮಾಡಿಸಿದಂತಿದೆ. ದಿನವಿಡೀ ವಿಡಿಯೊ ಪರಿವರ್ತಿಸುವ ಕೆಲಸಕ್ಕೆ ಇದು ಒಗ್ಗದು. ಆದರೆ ಎಚ್ಚರ: ನಾವು ಬದಲಿಸದಿದ್ದರೆ, ಟಿ3 ಯಂತ್ರಗಳನ್ನು ಕ್ರೆಡಿಟ್ ಮುಗಿದರೂ ಪೂರ್ತಿ ವೇಗದಲ್ಲಿ ಓಡುತ್ತಲೇ ಇದ್ದು ಹೆಚ್ಚುವರಿ ಬಿಲ್ಲು ಹಾಕುವಂತೆ ಮೊದಲಿನಿಂದಲೇ ಹೊಂದಿಸಲಾಗಿರುತ್ತದೆ.

ಉಚಿತ ಯೋಜನೆಗಳು ಕಲಿಯಲು ಒಳ್ಳೆಯವು. ವ್ಯಾಪಾರವನ್ನು ಅವುಗಳ ಮೇಲೆ ನಿಲ್ಲಿಸಬಾರದು. ರೆಂಡರ್ ಎಂಬ ಸೇವೆಯ ಉಚಿತ ಸರ್ವರ್ 15 ನಿಮಿಷ ಯಾರೂ ಬಾರದಿದ್ದರೆ ನಿದ್ದೆಗೆ ಜಾರುತ್ತದೆ. ಮುಂದಿನ ಗಿರಾಕಿ ಅದು ಏಳುವ ತನಕ ಕಾಯಬೇಕು. ವರ್ಷಗಟ್ಟಲೆ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೆ ಆಸರೆಯಾಗಿದ್ದ ಹೆರೊಕು 2022ರ ನವೆಂಬರಿನಲ್ಲಿ ತನ್ನ ಉಚಿತ ಯೋಜನೆಯನ್ನೇ ನಿಲ್ಲಿಸಿತು.

ಬಿಲ್ಲು ಅಳೆಯುವುದೇನನ್ನು?

ಜಾಹೀರಾತಿನಲ್ಲಿ ಕಾಣುವುದು ಯಂತ್ರದ ಬಾಡಿಗೆ. ಬಿಲ್ಲಿನಲ್ಲಿ ಬರುವುದು ಬೇರೆಯೂ ಇದೆ. ಎಡಬ್ಲ್ಯೂಎಸ್ ಮುಂಬೈಯಿಂದ ಹೊರಹೋಗುವ ದತ್ತಾಂಶಕ್ಕೆ ತಿಂಗಳಿಗೆ ಮೊದಲ 100 ಜಿಬಿ ಬಿಟ್ಟು ಪ್ರತಿ ಜಿಬಿಗೆ ಸುಮಾರು 11 ಸೆಂಟ್ ತೆಗೆದುಕೊಳ್ಳುತ್ತದೆ. ನಮ್ಮ ಸೀರೆ ಅಂಗಡಿಯ ಪುಟ ಫೋಟೊಗಳ ಸಮೇತ 2 ಎಂಬಿ ತೂಗಿದರೆ, ದಿನಕ್ಕೆ 3,000 ಪುಟದಂತೆ ತಿಂಗಳಿಗೆ 180 ಜಿಬಿ. ಉಚಿತ ಪಾಲು ಕಳೆದು ಉಳಿದ 80 ಜಿಬಿಗೆ ಸುಮಾರು 9 ಡಾಲರ್. ಸಣ್ಣ ಯಂತ್ರದ ಬಾಡಿಗೆಗೆ ಸರಿಸಾಟಿ. 2024ರ ಫೆಬ್ರುವರಿಯಿಂದ ಸಾರ್ವಜನಿಕ ಐಪಿವಿ4 ವಿಳಾಸವೊಂದಕ್ಕೇ ಅಲ್ಲಿ ಗಂಟೆಗೆ ಅರ್ಧ ಸೆಂಟ್, ತಿಂಗಳಿಗೆ ಮೂರೂವರೆ ಡಾಲರಿಗೂ ಹೆಚ್ಚು. ಡಿಜಿಟಲ್‌ಓಶನ್‌ನಂಥ ಕಂಪನಿಗಳು ಯಂತ್ರದ ಬಾಡಿಗೆಯಲ್ಲೇ ನೂರಾರು ಜಿಬಿ ದತ್ತಾಂಶವನ್ನೂ ವಿಳಾಸವನ್ನೂ ಸೇರಿಸಿ ಕೊಡುತ್ತವೆ. ದರಗಳು ಬದಲಾಗುತ್ತಲೇ ಇರುತ್ತವೆ. ಬಿಲ್ಲಿನ ಈ ಸ್ವರೂಪ ಮಾತ್ರ ಬೇಗ ಬದಲಾಗದು. ತಿಂಗಳಿಗೆ ಇಷ್ಟೇ ಎಂದು ಗೊತ್ತಿರುವ ಬಿಲ್ಲು ಸಣ್ಣ ವ್ಯಾಪಾರಿಗೆ ನೆಮ್ಮದಿ.

ಇದರ ಮೇಲೆ ನೂರಕ್ಕೆ 18ರಂತೆ ಜಿಎಸ್‌ಟಿ ಇದೆ, ಡಾಲರಿನ ಏರಿಳಿತವಿದೆ. ಕಾರ್ಡಿನಿಂದ ತಿಂಗಳು ತಿಂಗಳು ತಾನಾಗಿ ಹಣ ಕಡಿತವಾಗುವುದಕ್ಕೆ ರಿಸರ್ವ್ ಬ್ಯಾಂಕ್ 2021ರ ಅಕ್ಟೋಬರಿನಿಂದ ಕಟ್ಟುನಿಟ್ಟಿನ ನಿಯಮ ತಂದಿದೆ. ಆ ವ್ಯವಸ್ಥೆಗೆ ಒಳಪಡದ ವಿದೇಶಿ ಕಂಪನಿಗೆ ಪಾವತಿ ನಡುವೆಯೇ ನಿಲ್ಲಬಹುದು. ಹಣ ಸಲ್ಲದಿದ್ದರೆ ಸರ್ವರ್ ನಿಲ್ಲುತ್ತದೆ. ರೂಪಾಯಿಯಲ್ಲಿ ಬಿಲ್ಲು, ಜಿಎಸ್‌ಟಿ ಸಂಖ್ಯೆ ಇರುವ ರಸೀದಿ, ಯುಪಿಐ ಅಥವಾ ಮುಂಗಡ ಪಾವತಿ, ಇವು ಇವೆಯೇ ಎಂದು ಖಾತೆ ತೆರೆಯುವ ಮುನ್ನವೇ ನೋಡಿಕೊಳ್ಳಿ.

ಕೊನೆಯ ಗಾವುದ

ಬೆಳಗಾವಿಯಿಂದ ಖಾನಾಪುರ ಇಪ್ಪತ್ತೈದು ಕಿಲೋಮೀಟರಿನ ಆಸುಪಾಸು. ಅಲ್ಲಿಂದ ಮುಂದೆ, ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆಗೆ, ಭೀಮಗಡದ ಕಾಡಿನ ಕಡೆಗೆ ಸರಿದಂತೆ ಮಳೆ ದಟ್ಟವಾಗುತ್ತದೆ, ಸಿಗ್ನಲ್ ಕೃಶವಾಗುತ್ತದೆ. ಮಳೆಗಾಲದಲ್ಲಿ ಕರೆಂಟು ಹೋಗುವ ಊರುಗಳಲ್ಲಿ ಸರ್ವರನ್ನು ಅಂಗಡಿಯಲ್ಲೇ ಇಡುವುದು ಯಾಕೆ ಸಲ್ಲದೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಆದರೆ ಮುಂಬೈಯ ಎಷ್ಟೇ ಬಲವಾದ ಸರ್ವರಾದರೂ ಇಲ್ಲಿನ ಸೋತ ಸಿಗ್ನಲನ್ನು ಎತ್ತಿ ನಿಲ್ಲಿಸಲಾರದು. ಸೆಕೆಂಡಿಗೆ ಅರ್ಧ ಮೆಗಾಬಿಟ್ ಸಿಗುವಲ್ಲಿ 2 ಎಂಬಿಯ ಪುಟ ಇಳಿಯಲು 32 ಸೆಕೆಂಡ್ ಬೇಕು. ಅದೇ ಪುಟವನ್ನು 300 ಕೆಬಿಗೆ ಇಳಿಸಿದರೆ ಐದು ಸೆಕೆಂಡಿನೊಳಗೆ ತೆರೆಯುತ್ತದೆ. ಹಾಗೆ ಇಳಿಸಿದಾಗ ತಿಂಗಳ 180 ಜಿಬಿ 27 ಜಿಬಿಗೆ ಇಳಿದು ಆ 9 ಡಾಲರೂ ಉಳಿಯುತ್ತದೆ. ಫೋಟೊಗಳನ್ನು ಕುಗ್ಗಿಸುವುದು, ಬೇಡದ ಸ್ಕ್ರಿಪ್ಟುಗಳನ್ನು ಕಿತ್ತುಹಾಕುವುದು, ಭಾರದ ಕನ್ನಡ ಫಾಂಟಿನ ಬದಲು ಫೋನಿನಲ್ಲೇ ಇರುವ ಅಕ್ಷರಗಳನ್ನು ಬಳಸುವುದು: ಈ ಮೂರು ಕೆಲಸಗಳು ಯಾವ ಕಂಪನಿಯ ಯಾವ ಯೋಜನೆಗಿಂತಲೂ ಖಾನಾಪುರದ ಬಳಕೆದಾರನಿಗೆ ಹೆಚ್ಚು ಉಪಕಾರಿ.

ಸುಟ್ಟುಹೋದರೆ ಏನು ಉಳಿಯುತ್ತದೆ?

2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಕಟ್ಟಡವೊಂದು ಪೂರ್ತಿ ಸುಟ್ಟುಹೋಯಿತು. ಲಕ್ಷಗಟ್ಟಲೆ ವೆಬ್‌ಸೈಟುಗಳು ಕಣ್ಮರೆಯಾದವು. ಬ್ಯಾಕಪ್ ಇದ್ದ ಹಲವರಿಗೂ ಅದು ಅದೇ ಆವರಣದಲ್ಲಿದ್ದುದರಿಂದ ದತ್ತಾಂಶ ಮರಳಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ದಕ್ಷಿಣ ಕೊರಿಯಾದ ಡೇಜನ್ ನಗರದ ಸರ್ಕಾರಿ ಡೇಟಾ ಸೆಂಟರಿಗೆ ಬೆಂಕಿ ಬಿದ್ದಾಗ, ಬೇರೆಲ್ಲೂ ನಕಲಿಲ್ಲದ ಸರ್ಕಾರಿ ನೌಕರರ ಕಡತ ಸಂಗ್ರಹ, 858 ಟೆರಾಬೈಟ್, ನಾಶವಾಯಿತು.

ಇವೆರಡರ ಪಕ್ಕದಲ್ಲಿ 2024ರ ಮೇ ತಿಂಗಳ ಆಸ್ಟ್ರೇಲಿಯದ ಪ್ರಸಂಗವನ್ನಿಡಿ. ಯೂನಿಸೂಪರ್ ಎಂಬ ದೊಡ್ಡ ಪಿಂಚಣಿ ನಿಧಿಯ ಗೂಗಲ್ ಕ್ಲೌಡ್ ವ್ಯವಸ್ಥೆಯೇ ಒಂದು ಹೊಂದಾಣಿಕೆಯ ತಪ್ಪಿನಿಂದ ಅಳಿಸಿಹೋಯಿತು. ನಿಧಿ ಮತ್ತೆ ಎದ್ದು ನಿಂತಿತು. ಇನ್ನೊಂದು ಕಂಪನಿಯ ಬಳಿಯೂ ಬ್ಯಾಕಪ್ ಇಟ್ಟಿದ್ದು ಅದಕ್ಕೆ ನೆರವಾಯಿತು.

ಕಂಪನಿ ಕೊಡುವ ಭರವಸೆಯ ಅಂಕಿಗಳನ್ನು ಈ ಬೆಳಕಿನಲ್ಲಿ ಓದಬೇಕು. ನೂರಕ್ಕೆ 99.9 ಪಾಲು ಹೊತ್ತು ಸೇವೆ ಎಂದರೆ ತಿಂಗಳಿಗೆ 43 ನಿಮಿಷ ನಿಲ್ಲಬಹುದು, 99.5 ಎಂದರೆ ಮೂರು ಗಂಟೆ 36 ನಿಮಿಷ. ಅದಕ್ಕೂ ಹೆಚ್ಚು ನಿಂತರೆ ಸಿಗುವ ಪರಿಹಾರ ಮುಂದಿನ ಬಿಲ್ಲಿನಲ್ಲಿ ಒಂದಿಷ್ಟು ಕಡಿತ. ಹೋದ ವ್ಯಾಪಾರಕ್ಕೂ ಅಳಿದ ದಾಖಲೆಗೂ ಕಂಪನಿ ಸಾಮಾನ್ಯವಾಗಿ ಹೊಣೆ ಹೊರುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಗ್ರಾಹಕರ ಮಾಹಿತಿಯ ಹೊಣೆಯನ್ನು ಅದನ್ನು ಸಂಗ್ರಹಿಸಿದವರ ಮೇಲೆಯೇ ಹೊರಿಸುತ್ತದೆ. ಕ್ಲೌಡ್ ಕಂಪನಿಗೆ ಕೊಟ್ಟೆ ಎಂದು ಸೊಸೈಟಿ ಕೈತೊಳೆದುಕೊಳ್ಳಲಾಗದು. ಸೈಬರ್ ದಾಳಿ ಗಮನಕ್ಕೆ ಬಂದ ಆರು ಗಂಟೆಯೊಳಗೆ ತಿಳಿಸಬೇಕು, ಲಾಗ್‌ಗಳನ್ನು 180 ದಿನ ಕಾಪಿಡಬೇಕು ಎಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲಿನಲ್ಲೇ ನಿರ್ದೇಶಿಸಿದೆ.

ಹಾಗಾದರೆ ಯಾವುದು?

ಬೆಳಗಾವಿ, ಖಾನಾಪುರಗಳ ಬಹುಪಾಲು ಸಣ್ಣ ಆ್ಯಪ್‌ಗಳಿಗೆ ನನ್ನ ತೀರ್ಮಾನ ಇದು. ಮುಂಬೈ ಅಥವಾ ಬೆಂಗಳೂರಿನಲ್ಲಿ, ತಿಂಗಳಿಗೆ ನಿಗದಿತ ಬಾಡಿಗೆಯ, ದತ್ತಾಂಶ ಸಾಗಣೆಯನ್ನೂ ಸೇರಿಸಿ ಕೊಡುವ, 1ರಿಂದ 2 ಜಿಬಿ ಮೆಮೊರಿಯ ವಿಪಿಎಸ್ ಸಾಕು. ಲಿನಕ್ಸ್ ನೋಡಿಕೊಳ್ಳಲು ಯಾರೂ ಇಲ್ಲದಿದ್ದರೆ ತುಸು ಹೆಚ್ಚು ಕೊಟ್ಟು ಪ್ಲಾಟ್‌ಫಾರ್ಮ್ ಸೇವೆ ತೆಗೆದುಕೊಳ್ಳಿ. ಅಪ್‌ಡೇಟ್ ಕಾಣದ ಸರ್ವರ್ ಅಗ್ಗವಾದರೂ ಅಪಾಯ. ಹೊರೆ ವರ್ಷಕ್ಕೆರಡು ದಿನ ಉಕ್ಕುವಂಥದ್ದಾದರೆ ಮಾತ್ರ ದೊಡ್ಡ ಕಂಪನಿಗಳ ಹಿಗ್ಗಿ ಕುಗ್ಗುವ ಸೇವೆಗಳತ್ತ ನೋಡಿ. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯುಎಲ್‌ನಂಥ ಎಲ್ಲೆಡೆ ಸಿಗುವ ಡೇಟಾಬೇಸನ್ನೇ ಬಳಸಿ. ಒಂದೇ ಕಂಪನಿಯಲ್ಲಿ ಮಾತ್ರ ಓಡುವ ಡೇಟಾಬೇಸಿಗೆ ಕಟ್ಟುಬಿದ್ದರೆ ದರ ಏರಿದ ದಿನ ಹೊರಡುವ ದಾರಿ ಇರುವುದಿಲ್ಲ. ಡೊಮೈನ್ ಹೆಸರು ಆ್ಯಪ್ ಬರೆದವರ ಹೆಸರಿನಲ್ಲಿರದೆ ಮಾಲೀಕರ ಹೆಸರಿನಲ್ಲೇ ನೋಂದಣಿಯಾಗಿರಲಿ.

ಬ್ಯಾಕಪ್ ಪ್ರತಿ ರಾತ್ರಿ ಬೇರೊಂದು ಕಂಪನಿಯ, ಬೇರೊಂದು ಊರಿನ ಡಿಸ್ಕಿಗೆ ಹೋಗಲಿ. ಅದರಿಂದ ಆ್ಯಪನ್ನು ಮತ್ತೆ ಎಬ್ಬಿಸಿ ನೋಡುವ ತನಕ ಅದನ್ನು ಬ್ಯಾಕಪ್ ಎಂದು ನಂಬಬೇಡಿ. ಈ ತಿಂಗಳಲ್ಲೇ ಒಂದು ಭಾನುವಾರ ಹೊಸ ಖಾಲಿ ಸರ್ವರೊಂದನ್ನು ಬಾಡಿಗೆಗೆ ಪಡೆದು, ಬ್ಯಾಕಪ್ಪಿನಿಂದ ನಿಮ್ಮ ಆ್ಯಪನ್ನು ಪೂರ್ತಿ ಎಬ್ಬಿಸಿ, ಎಷ್ಟು ಹೊತ್ತು ಹಿಡಿಯಿತು ಎಂದು ಬರೆದಿಡಿ. ಆ ಕೆಲಸ ಒಂದು ದಿನದೊಳಗೆ ಮುಗಿದರೆ ನೀವು ಯಾವ ಕಂಪನಿಯನ್ನು ಆರಿಸಿದ್ದರೂ ಆಯ್ಕೆ ಸರಿಯಾಗಿದೆ. ಮುಗಿಯದಿದ್ದರೆ, ಜಗತ್ತಿನ ಅತಿ ದೊಡ್ಡ ಕಂಪನಿಯಲ್ಲಿದ್ದರೂ ನಿಮ್ಮ ಗಿರಾಕಿಗಳ ದಾಖಲೆ ಇನ್ನೂ ಸುರಕ್ಷಿತವಾಗಿಲ್ಲ.